ದಾರಿ ತೋರುವ ಹಿರಿಯ ಮಕ್ಕಳಿಲ್ಲದ ನಲಿ-ಕಲಿ ಕೊಠಡಿ: ಒಂದು ಪ್ರಕರಣ ಅಧ್ಯಯನ

ತುಮಕೂರು ಜಿಲ್ಲೆಯ ಉತ್ತರದ ಬಯಲಿನಲ್ಲಿ, ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 2021ರ ಅಕ್ಟೋಬರ್‌ನಿಂದ 2022ರ ಜೂನ್‌ವರೆಗೆ ನಡೆದದ್ದನ್ನು ಇಲ್ಲಿ ದಾಖಲಿಸಿದ್ದೇನೆ. ಆ ಶಾಲೆಯ ಇಬ್ಬರು ಶಿಕ್ಷಕರಲ್ಲಿ ನಾನೊಬ್ಬ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಲಿ-ಕಲಿ ಕೊಠಡಿ ನನ್ನದು, ನಾಲ್ಕು ಮತ್ತು ಐದನೆಯ ತರಗತಿಗಳು ನನ್ನ ಸಹೋದ್ಯೋಗಿ ಶಿಕ್ಷಕಿಯವರದು. ಊರಿನ ಹೆಸರನ್ನಾಗಲೀ ಮಕ್ಕಳ ಹೆಸರನ್ನಾಗಲೀ ಬರೆಯುತ್ತಿಲ್ಲ. ಊರಿನ ಮಕ್ಕಳ ಜೊತೆಗೆ ಒಂದು ಕಿಲೋಮೀಟರ್ ಆಚೆಯ ಹಟ್ಟಿಯ ಮಕ್ಕಳೂ ಈ ಶಾಲೆಗೇ ಬರುತ್ತಾರೆ. ಮಳೆಯನ್ನೇ ನಂಬಿದ ನೆಲವಾದ್ದರಿಂದ ಕಡಲೆಕಾಯಿ ಮತ್ತು ರಾಗಿ ಬಿಟ್ಟರೆ ಬೇರೆ ಬೆಳೆ ಕಡಿಮೆ. ಬೆಳೆ ಕೈಕೊಟ್ಟ ವರ್ಷ ಊರಿನ ಹಲವು ಮನೆಗಳಿಗೆ ಬೀಗ ಬಿದ್ದು, ಮನೆಮಂದಿ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುತ್ತಾರೆ.

ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದ ಮಕ್ಕಳು ಎಷ್ಟು ಪಾಠ ಕಳೆದುಕೊಂಡರು ಎಂಬ ಲೆಕ್ಕವನ್ನು ಹಲವರು ಹಾಕಿದ್ದಾರೆ. ಆ ಲೆಕ್ಕಗಳ ಬಗ್ಗೆ ನನಗೆ ತಕರಾರಿಲ್ಲ, ಮುಂದೆ ಒಂದೆರಡನ್ನು ನಾನೂ ಉಲ್ಲೇಖಿಸುತ್ತೇನೆ. ಆದರೆ ನನ್ನ ಕೊಠಡಿಯಲ್ಲಿ ಅಕ್ಷರದ ಕೊರತೆಗಿಂತ ಮೊದಲು ಕಣ್ಣಿಗೆ ಬಿದ್ದದ್ದು ಇನ್ನೊಂದು: ಶಾಲೆಯೆಂದರೆ ಹೇಗಿರುತ್ತದೆ ಎಂದು ಚಿಕ್ಕ ಮಕ್ಕಳಿಗೆ ತೋರಿಸಿಕೊಡಬೇಕಾದ ಹಿರಿಯ ಮಕ್ಕಳೇ ಆ ಕೊಠಡಿಯಲ್ಲಿ ಇರಲಿಲ್ಲ. ನಲಿ-ಕಲಿ ಪದ್ಧತಿ ನಿಂತಿರುವುದೇ ಅಂಥ ಮಕ್ಕಳ ಮೇಲೆ ಎಂಬುದನ್ನು ಹತ್ತು ವರ್ಷಕ್ಕೂ ಮೀರಿ ಅದನ್ನು ನಡೆಸಿದ್ದ ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ.

ಮುಚ್ಚಿದ ಹತ್ತೊಂಬತ್ತು ತಿಂಗಳು

2020ರ ಮಾರ್ಚ್ ಎರಡನೆಯ ವಾರದಲ್ಲಿ ಶಾಲೆಗೆ ಬೀಗ ಬಿತ್ತು. ವಾರ ಕಳೆದರೆ ತೆರೆಯುತ್ತದೆ ಎಂದುಕೊಂಡು ಗೋಡೆಯ ಹವಾಮಾನ ನಕ್ಷೆಯಲ್ಲಿ ಆ ದಿನದ ಸೂರ್ಯನ ಚಿತ್ರವನ್ನು ಹಾಗೆಯೇ ಬಿಟ್ಟು ಹೋಗಿದ್ದೆವು. ಆ ವರ್ಷದ ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಯಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಮೊಬೈಲ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಕಾಲ್ಪನಿಕ ಕೊಠಡಿಗಳಲ್ಲಿ ಹಂಚಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ವಠಾರ ಶಾಲೆ ನಡೆಸಬೇಕೆಂಬುದು ಅದರ ತಿರುಳು. ಆಲೋಚನೆ ಒಳ್ಳೆಯದಾಗಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ನಮ್ಮ ಊರಿನಲ್ಲಿ ಅದಕ್ಕೆ ಸಿಕ್ಕ ಜಾಗ ದೇವಸ್ಥಾನದ ಜಗಲಿ. ಮೊದಲ ದಿನ ಜಗಲಿಯ ಮೇಲೆ ಕೆಲವು ಮಕ್ಕಳು ಕೂತರು, ಕೆಲವರು ಕೆಳಗೆ ಮೆಟ್ಟಿಲ ಬಳಿ ನಿಂತರು. ಯಾರೂ ಯಾರಿಗೂ ಏನನ್ನೂ ಹೇಳಲಿಲ್ಲ. ಮಕ್ಕಳಿಗೆ ಮೊದಲೇ ಗೊತ್ತಿತ್ತು. ಮರುದಿನವೇ ವಠಾರ ಶಾಲೆಯನ್ನು ಹುಣಸೆ ಮರದ ನೆರಳಿಗೆ ಸಾಗಿಸಿದೆ. ಊರಿನಲ್ಲಿ ಯಾವ ಕೇರಿಗೂ ಸೇರದ ಜಾಗವೆಂದರೆ ಶಾಲೆಯ ಕಟ್ಟಡವೊಂದೇ ಎಂಬುದು ಅದಕ್ಕೆ ಬೀಗ ಹಾಕಿದ ಮೇಲೆ ಗೊತ್ತಾಯಿತು.

ಅಕ್ಟೋಬರ್‌ನಲ್ಲಿ ಸೋಂಕಿನ ಆತಂಕದಿಂದ ವಿದ್ಯಾಗಮ ನಿಂತಿತು. 2021ರ ಜನವರಿಯಲ್ಲಿ ಅದು ಶಾಲೆಯ ಆವರಣದಲ್ಲೇ ಮತ್ತೆ ಶುರುವಾದಾಗ ಆರನೆಯ ತರಗತಿಯಿಂದ ಮೇಲಿನವರಿಗಷ್ಟೇ ಅವಕಾಶವಿತ್ತು. ನಮ್ಮದು ಐದಕ್ಕೇ ಮುಗಿಯುವ ಶಾಲೆ. ಆಮೇಲೆ ಎರಡನೆಯ ಅಲೆ ಬಂತು. ಉಳಿದದ್ದು ವಾಟ್ಸ್‌ಆ್ಯಪ್ ಗುಂಪು. ದೇಶದ ಗ್ರಾಮೀಣ ಭಾಗದಲ್ಲಿ 2021ರಲ್ಲಿ ನಡೆದ, ಮಕ್ಕಳ ದಾಖಲಾತಿ ಮತ್ತು ಕಲಿಕೆಯನ್ನು ನೋಡುವ ಅಸರ್ ಸಮೀಕ್ಷೆಯಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಶೇ 67.6ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಆದರೆ ಅಂಥ ಮನೆಗಳಲ್ಲಿಯೂ ನಾಲ್ಕರಲ್ಲಿ ಒಂದು ಮಗುವಿನ ಕೈಗೆ ಅದು ಸಿಗುತ್ತಲೇ ಇರಲಿಲ್ಲ. ನಮ್ಮ ಊರಿನ ಲೆಕ್ಕ ಇನ್ನೂ ಸರಳ: ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ರಾತ್ರಿ ಎಂಟರ ಮೇಲೆ ಫೋನು ಮನೆಗೆ ಬಂದಾಗ ಚಾರ್ಜ್ ಮುಗಿದಿರುತ್ತಿತ್ತು, ಇಲ್ಲವೇ ಮಗು ಮಲಗಿರುತ್ತಿತ್ತು. ಆರು ವರ್ಷದ ಮಗುವಿಗೆ 'ಗ' ಎಂದು ಬರೆಯಲು ಕೈ ಹಿಡಿದು ತಿದ್ದಿಸಬೇಕು; ಅದನ್ನು ಫೋನಿನಲ್ಲಿ ಮಾಡುವ ವಿದ್ಯೆ ನನಗೆ ತಿಳಿದಿಲ್ಲ. ಆ ತಿಂಗಳುಗಳಲ್ಲಿ ನಾನು ಮಕ್ಕಳ ಮುಖ ನೋಡುತ್ತಿದ್ದದ್ದು ಬಿಸಿಯೂಟದ ಬದಲಿಗೆ ಕೊಡುತ್ತಿದ್ದ ಅಕ್ಕಿ, ಬೇಳೆ ತೂಗಿ ಹಂಚುವ ದಿನ ಮಾತ್ರ. ನಾನು ಮೇಷ್ಟ್ರೋ ನ್ಯಾಯಬೆಲೆ ಅಂಗಡಿಯವನೋ ಎಂದು ಹಟ್ಟಿಯ ಅಜ್ಜಿಯೊಬ್ಬರು ತಮಾಷೆ ಮಾಡಿದ್ದು ನೆನಪಿದೆ.

2021ರ ಆಗಸ್ಟ್ 23ರಂದು ರಾಜ್ಯದಲ್ಲಿ ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ, ಸೆಪ್ಟೆಂಬರ್ 6ರಂದು ಆರರಿಂದ ಎಂಟರವರಿಗೆ ಬಾಗಿಲು ತೆರೆಯಿತು. ಚಿಕ್ಕವರ ಸರದಿ ಕೊನೆಗೆ ಬಂತು. ಒಂದರಿಂದ ಐದನೆಯ ತರಗತಿಗಳು ಅಕ್ಟೋಬರ್ 25ರ ಸೋಮವಾರ ಆರಂಭವಾಗಬೇಕೆಂದೂ, ಮೊದಲ ವಾರ ಅರ್ಧ ದಿನ ಮಾತ್ರವೆಂದೂ, ಪೋಷಕರ ಒಪ್ಪಿಗೆ ಪತ್ರ ಬೇಕೆಂದೂ, ಹಾಜರಾತಿ ಕಡ್ಡಾಯವಲ್ಲವೆಂದೂ, ಶಿಕ್ಷಕರು ಎರಡೂ ಡೋಸ್ ಲಸಿಕೆ ಪಡೆದಿರಬೇಕೆಂದೂ ಆದೇಶ ಬಂತು.

ಒಪ್ಪಿಗೆ ಪತ್ರದ ವಾರ

ಒಪ್ಪಿಗೆ ಪತ್ರಕ್ಕಾಗಿ ಮನೆಮನೆಗೆ ಹೋಗುವಾಗ ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರೂ ಆಶಾ ಕಾರ್ಯಕರ್ತೆಯೂ ನಮ್ಮ ಜೊತೆಗಿದ್ದರು. ಸೋಂಕಿನ ಭಯ ಮುಖ್ಯ ಅಡ್ಡಿಯಾಗುತ್ತದೆ ಎಂದುಕೊಂಡಿದ್ದೆ. ಎರಡು ಮನೆಗಳಲ್ಲಿ ಹಾಗಾಯಿತು ನಿಜ. ಆ ಎರಡೂ ಮನೆಗಳಲ್ಲಿ ಎರಡನೆಯ ಅಲೆಯಲ್ಲಿ ಸಾವಾಗಿತ್ತು, ಅಲ್ಲಿ ನಾವು ಪತ್ರದ ಮಾತೆತ್ತದೆ ಕಾಫಿ ಕುಡಿದು ಬಂದೆವು. ಉಳಿದ ಮನೆಗಳ ಅಡ್ಡಿ ಬೇರೆಯಾಗಿತ್ತು. "ಕಳ್ಸಾಕೇನ್ ಸಾರ್, ಇವತ್ತೇ ಕಳುಸ್ತೀನಿ, ಅವನು ಬರಾಕಿಲ್ಲ ಅಂತಾನೆ" ಎಂದು ಒಬ್ಬ ತಾಯಿ ಹೇಳಿದರು. ಆ ಹುಡುಗ ಎರಡನೆಯ ತರಗತಿ. ದಾಖಲೆಯಲ್ಲಿ ಅವನು ಒಂದನ್ನು ಪಾಸಾಗಿ ಎರಡಕ್ಕೆ ಬಂದಿದ್ದ. ಶಾಲೆಯೊಳಗೆ ಒಂದು ದಿನವೂ ಕೂತಿರಲಿಲ್ಲ. ಬಾಗಿಲ ಹಿಂದೆ ನಿಂತು ನನ್ನನ್ನು ನೋಡುತ್ತಿದ್ದವನಿಗೆ ನಾನು ಅಕ್ಕಿ ತೂಗುವ ಮನುಷ್ಯನಾಗಿದ್ದೆ, ಅಷ್ಟೇ.

ನಗರದಿಂದ ಮರಳಿದ ಮನೆಗಳ ವಿಷಯವೂ ಇತ್ತು. ಗ್ರಾಮೀಣ ಭಾರತದಲ್ಲಿ ಸರ್ಕಾರಿ ಶಾಲೆಗೆ ದಾಖಲಾದ ಮಕ್ಕಳ ಪಾಲು 2018ರಲ್ಲಿ ಶೇ 64.3 ಇದ್ದದ್ದು 2021ಕ್ಕೆ ಶೇ 70.3ಕ್ಕೆ ಏರಿತ್ತು. ಆ ಏರಿಕೆಯ ಪಾಲು ನಮ್ಮ ಹಾಜರಿ ಪುಸ್ತಕದಲ್ಲಿಯೂ ಕಂಡಿತು. ಇಂಗ್ಲಿಷ್ ಮಾಧ್ಯಮದಿಂದ ಬಂದ ಮೂವರು ಮಕ್ಕಳಲ್ಲಿ ಒಬ್ಬಳಿಗೆ ಇಂಗ್ಲಿಷ್ ಅಕ್ಷರಮಾಲೆ ಬರುತ್ತಿತ್ತು, ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಶುಲ್ಕ ಬಾಕಿಯಿದ್ದದ್ದರಿಂದ ವರ್ಗಾವಣೆ ಪತ್ರ ಸಿಕ್ಕಿರಲಿಲ್ಲ ಎಂದು ಅವಳ ತಂದೆ ತಲೆ ತಗ್ಗಿಸಿ ಹೇಳಿದರು. ಮಗುವನ್ನು ಕೂರಿಸಿಕೊಂಡೆವು, ಕಾಗದಪತ್ರಗಳ ಓಡಾಟ ಜನವರಿಯವರೆಗೂ ಮುಂದುವರಿಯಿತು.

ಮೊದಲ ವಾರದ ಕೊಠಡಿ

ನಲಿ-ಕಲಿಯನ್ನು ತಿಳಿಯದವರಿಗಾಗಿ ಸ್ವಲ್ಪ ವಿವರ ಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದ ಈ ಪದ್ಧತಿಯಲ್ಲಿ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. ಪಠ್ಯಪುಸ್ತಕದ ಪಾಠದ ಬದಲು ಕಾರ್ಡುಗಳಿರುತ್ತವೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಯಾವುದೆಂದು ನೋಡಿಕೊಂಡು, ಅಲ್ಲಿನ ಚಿತ್ರದ ಗುರುತನ್ನು ಹಿಡಿದು ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಬಳಿಕ ಆ ಗುರುತು ಯಾವ ತಟ್ಟೆಗೆ, ಅಂದರೆ ಯಾವ ಗುಂಪಿಗೆ, ಸೇರಿದೆಯೋ ಅಲ್ಲಿ ಹೋಗಿ ಕೂರುತ್ತದೆ. ತಟ್ಟೆಗಳು ಐದು: ಶಿಕ್ಷಕರ ಸಂಪೂರ್ಣ ಸಹಾಯ, ಶಿಕ್ಷಕರ ಭಾಗಶಃ ಸಹಾಯ, ಸಹಪಾಠಿಗಳ ಸಂಪೂರ್ಣ ಸಹಾಯ, ಸಹಪಾಠಿಗಳ ಭಾಗಶಃ ಸಹಾಯ, ಸ್ವಕಲಿಕೆ. ಐದರಲ್ಲಿ ಎರಡು ತಟ್ಟೆಗಳನ್ನು ನಡೆಸುವವರು ಮಕ್ಕಳೇ. ನಾನು ಒಂದು ತಟ್ಟೆಯ ಮಕ್ಕಳೊಂದಿಗೆ ಅರ್ಧ ಗಂಟೆ ಕೂರಲು ಸಾಧ್ಯವಾಗುವುದು ಉಳಿದ ತಟ್ಟೆಗಳು ತಮ್ಮಷ್ಟಕ್ಕೆ ನಡೆಯುತ್ತವೆ ಎಂಬ ನಂಬಿಕೆಯ ಮೇಲೆ. ಹೊಸ ಮಗುವಿಗೆ ಈ ಏರ್ಪಾಡನ್ನು ನಾನು ಕಲಿಸಿದವನಲ್ಲ. ಜೂನ್‌ನಲ್ಲಿ ಸೇರಿದ ಮಗು ಎರಡು-ಮೂರನೆಯ ತರಗತಿಯವರನ್ನು ನೋಡಿ ನೋಡಿ ಆಗಸ್ಟ್ ಹೊತ್ತಿಗೆ ಅದನ್ನು ರೂಢಿಸಿಕೊಳ್ಳುತ್ತಿತ್ತು.

ಈಗ 2021ರ ಅಕ್ಟೋಬರ್‌ನ ಲೆಕ್ಕ ನೋಡಿ. ಒಂದನೆಯ ತರಗತಿಯವರು ಹೊಸಬರು. ಎರಡನೆಯ ತರಗತಿಯವರು 2020ರಲ್ಲಿ ದಾಖಲಾದವರು, ಅವರೂ ಹೊಸಬರೇ. ಮೂರನೆಯ ತರಗತಿಯವರು 2019ರ ಜೂನ್‌ನಿಂದ 2020ರ ಮಾರ್ಚ್‌ವರೆಗೆ ಒಂದನೆಯ ತರಗತಿಯಲ್ಲಿ ಕೂತವರು. ಆಗ ಅವರೇ ಕಿರಿಯರು, ಇನ್ನೊಬ್ಬರ ಬೆನ್ನ ಹಿಂದೆ ನಡೆದವರು. ಮೂರು ತರಗತಿಗಳ ಇಪ್ಪತ್ತೇಳು ಮಕ್ಕಳಲ್ಲಿ ಆ ಕೊಠಡಿಯನ್ನು ಹಿರಿಯರಾಗಿ ಕಂಡವರು ಒಬ್ಬರೂ ಇರಲಿಲ್ಲ.

ಮೊದಲ ದಿನ ಮಕ್ಕಳು ಚಪ್ಪಲಿಯನ್ನು ಬಾಗಿಲ ಎದುರೇ ರಾಶಿ ಹಾಕಿ ಒಳಗೆ ಬಂದರು. ಅಕ್ಕ ತಮ್ಮನ ಪಕ್ಕ, ಹಟ್ಟಿಯವರು ಹಟ್ಟಿಯವರ ಪಕ್ಕ ಕೂತರು. ನಲ್ಲಿಯ ಹತ್ತಿರ ಸಾಲು ಎಂಬುದಿರಲಿಲ್ಲ. ಶೌಚಾಲಯಕ್ಕೆ ಕೇಳಿ ಹೋಗಬೇಕೆಂದು ಗೊತ್ತಿಲ್ಲದೆ ಒಬ್ಬ ಮನೆಗೇ ಹೋಗಿ ಬಂದ. ಬಾಯಿಗೆ ಕಟ್ಟಿದ ಮಾಸ್ಕು ಹತ್ತು ನಿಮಿಷದಲ್ಲಿ ಗಲ್ಲಕ್ಕೆ, ಅರ್ಧ ಗಂಟೆಯಲ್ಲಿ ಜೇಬಿಗೆ ಇಳಿಯಿತು. ಗಲಾಟೆಯಾದರೂ ಆಗಿದ್ದರೆ ಚೆನ್ನಾಗಿತ್ತು ಎನ್ನಿಸುವಷ್ಟು ಕೊಠಡಿ ಮೌನವಾಗಿತ್ತು. ಇಪ್ಪತ್ತೇಳು ಮಕ್ಕಳೂ ನನ್ನನ್ನೇ ನೋಡುತ್ತಿದ್ದರು, ಮುಂದೇನು ಎಂದು. ನಲಿ-ಕಲಿ ಕೊಠಡಿಯಲ್ಲಿ ಮಕ್ಕಳು ಮೇಷ್ಟ್ರನ್ನು ಹಾಗೆ ಕಾಯುತ್ತ ಕೂರುವುದಿಲ್ಲ.

ಮೂರನೆಯ ತರಗತಿಯ ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ನಲಿ-ಕಲಿಯಲ್ಲಿ ಅಕ್ಷರಗಳು ಅ, ಆ ಎಂದು ಶುರುವಾಗುವುದಿಲ್ಲ; ಮೊದಲ ಗುಂಪು ರ, ಗ, ಸ, ದ, ಅ. ಅವಳನ್ನು ಪಕ್ಕ ಕೂರಿಸಿಕೊಂಡು ಗೋಡೆಹಲಗೆಯ ಮೇಲೆ ಐದೂ ಅಕ್ಷರಗಳನ್ನು ಬರೆದೆ. "ರಗಸದಅ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. ಸಮಾಧಾನವಾಯಿತು. 'ದ'ದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದೆ. ಅವಳು 'ರ'ದಿಂದ ಶುರುಮಾಡಿ, ಒಂದೊಂದಕ್ಕೂ ತಲೆಯಾಡಿಸುತ್ತ, ಎಣಿಸಿಕೊಂಡು ಬಂದು "ದ" ಎಂದಳು. ಅಕ್ಷರಗಳನ್ನು ಅಳಿಸಿ ಹಿಂದುಮುಂದು ಮಾಡಿ ಬರೆದೆ. ಮತ್ತೆ "ರಗಸದಅ" ಎಂದಳು. ಒಂದನೆಯ ತರಗತಿಯಲ್ಲಿ ಕೇಳಿದ ಸದ್ದು ಹಾಗೆಯೇ ಉಳಿದಿತ್ತು, ಅಕ್ಷರದ ಆಕಾರ ಮಾಸಿಹೋಗಿತ್ತು. ಆ ತರಗತಿಯ ಹೆಚ್ಚಿನ ಮಕ್ಕಳ ಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ರಾಜ್ಯದ ಚಿತ್ರವೂ ಹಾಗೆಯೇ ಇತ್ತು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಕರ್ನಾಟಕದಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ 19.2 ಇದ್ದದ್ದು 2021ರ ಆರಂಭಕ್ಕೆ ಶೇ 9.8ಕ್ಕೆ ಇಳಿದಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಹದಿನಾರು ಸಾವಿರ ಮಕ್ಕಳನ್ನು ಅಧ್ಯಯನ ಮಾಡಿ, ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಗಳಿಸಿದ್ದ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದಾರೆ ಎಂದಿತ್ತು. 2018ರ ಅಂಕಿಯನ್ನೂ ಓದುಗರು ಗಮನಿಸಬೇಕು. ಶಾಲೆ ತೆರೆದಿದ್ದಾಗಲೂ ಐವರಲ್ಲಿ ಒಬ್ಬರಷ್ಟೇ ಓದುತ್ತಿದ್ದರು. ಎಲ್ಲವನ್ನೂ ಕೊರೊನಾದ ಲೆಕ್ಕಕ್ಕೆ ಬರೆಯುವುದು ನಮ್ಮಂಥ ಶಿಕ್ಷಕರಿಗೆ ಅನುಕೂಲ, ಅಷ್ಟೇ.

ಅದೇ ವಾರ ಒಂದು ಅಡಚಣೆಯೂ ಎದುರಾಯಿತು. ಮಕ್ಕಳ ನಡುವೆ ಅಂತರವಿರಬೇಕು, ವಸ್ತುಗಳನ್ನು ಹಂಚಿಕೊಳ್ಳಬಾರದು ಎಂಬುದು ಆರೋಗ್ಯದ ನಿಯಮ. ಒಂದೇ ಕಾರ್ಡನ್ನು ನಾಲ್ವರು ಮಕ್ಕಳು ತಲೆಗೆ ತಲೆ ತಾಗಿಸಿ ನೋಡುವುದು ನಲಿ-ಕಲಿಯ ನಿಯಮ. ಎರಡನ್ನೂ ಪಾಲಿಸುವುದು ಸಾಧ್ಯವಿರಲಿಲ್ಲ. ಬಿಸಿಲು ಏರುವವರೆಗೆ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ತಟ್ಟೆಗಳನ್ನು ದೂರದೂರ ಇಟ್ಟು, ಕಾರ್ಡು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈಗೆ ಸ್ಯಾನಿಟೈಸರ್ ಹಾಕುವುದೆಂದು ತೀರ್ಮಾನಿಸಿದೆವು. ನಿಯಮ ಬರೆದವರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರು ಬಂದು ನೋಡಿ ಏನೂ ಹೇಳದೆ ಹೋದರು.

ನಾಲ್ಕನೆಯ ತರಗತಿಯವರನ್ನು ಕರೆತಂದದ್ದು

ನವೆಂಬರ್ 2ರಂದು ಪೂರ್ಣ ದಿನದ ತರಗತಿಯೂ ಬಿಸಿಯೂಟವೂ ಆರಂಭವಾದವು. ಒಂದೇ ದಿನ ನಡೆದು ಮರುದಿನದಿಂದ ದೀಪಾವಳಿ ರಜೆ. ಆ ಒಂದು ದಿನದಲ್ಲಿ ನಡೆದದ್ದು ನನ್ನ ಮುಂದಿನ ಯೋಚನೆಗೆ ಕಾರಣವಾಯಿತು. ಚಿಕ್ಕ ಮಕ್ಕಳು ಊಟದ ತಟ್ಟೆ ಹಿಡಿದು ಅಡುಗೆ ಮನೆಯ ಬಾಗಿಲಿಗೆ ಮುಗಿಬಿದ್ದಾಗ ನಾಲ್ಕನೆಯ ತರಗತಿಯ ಇಬ್ಬರು ಹುಡುಗಿಯರು ಯಾರೂ ಹೇಳದೆ ಮುಂದೆ ಬಂದು, ಒಂದೊಂದು ಮಗುವಿನ ಭುಜ ಹಿಡಿದು ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. ಒಂದನೆಯ ತರಗತಿಗೆ ಸೇರಿದಾಗಿನಿಂದ ಬಾಯಿಯನ್ನೇ ಬಿಡದಿದ್ದ ಹಟ್ಟಿಯ ಹುಡುಗಿಯೊಬ್ಬಳು ಪಕ್ಕದ ಅಕ್ಕನನ್ನು ನೋಡಿ, ತಾನೂ ತಟ್ಟೆ ಎತ್ತಿ ಹಿಡಿದು "ಸಾರು" ಎಂದಳು. "ಮೇಷ್ಟ್ರೇ, ಈ ಕೂಸು ಮಾತಾಡಿದ್ದು ಇವತ್ತೇ ಅಲ್ವಾ?" ಎಂದು ಅಡುಗೆಯ ಅಕ್ಕ ಸೌಟು ಹಿಡಿದೇ ನನ್ನತ್ತ ತಿರುಗಿದರು.

ನಾಲ್ಕನೆಯ ತರಗತಿಯವರು ಶಾಲೆ ಮುಚ್ಚಿದಾಗ ಎರಡರಲ್ಲಿದ್ದವರು. ನಲಿ-ಕಲಿಯಲ್ಲಿ ಎರಡು ವರ್ಷ ಪೂರೈಸುವ ಹಂತದಲ್ಲಿದ್ದ ಅವರಿಗೆ ತಟ್ಟೆ, ಏಣಿ, ಗುರುತು ಎಲ್ಲವೂ ಕೈಯಲ್ಲಿ ಉಳಿದಿದ್ದವು. ಮೂರನೆಯ ತರಗತಿಯ ಕಾರ್ಡುಗಳನ್ನು ಮಾತ್ರ ಅವರು ಕಂಡೇ ಇರಲಿಲ್ಲ. ಕಾಣದೆಯೇ ನಾಲ್ಕಕ್ಕೆ ಬಂದಿದ್ದರು, ಪಠ್ಯಪುಸ್ತಕ ಅವರಿಗೆ ಕಬ್ಬಿಣದ ಕಡಲೆಯಾಗಿತ್ತು. ಹಬ್ಬ ಮುಗಿದ ಮೇಲೆ ನಾನೂ ಸಹೋದ್ಯೋಗಿಯವರೂ ಕೂತು ಮಾತಾಡಿ, ನಾಲ್ಕನೆಯ ತರಗತಿಯ ಎಂಟು ಮಕ್ಕಳು ಪ್ರತಿದಿನ ಬೆಳಗಿನ ಮೊದಲ ಎರಡು ಅವಧಿ ನಲಿ-ಕಲಿ ಕೊಠಡಿಯಲ್ಲಿ ಇರಲಿ ಎಂದು ನಿರ್ಧರಿಸಿದೆವು. ಅವರ ಕೆಲಸ ಎರಡು: ಸಹಪಾಠಿಗಳ ಸಹಾಯದ ತಟ್ಟೆಗಳನ್ನು ನಡೆಸುವುದು ಮತ್ತು ತಾವು ಕಾಣದೆ ಹೋದ ಮೂರನೆಯ ತರಗತಿಯ ಕಾರ್ಡುಗಳನ್ನು ತಾವೂ ಮಾಡುವುದು. ಸಹೋದ್ಯೋಗಿಯವರಿಗೆ ಆ ಹೊತ್ತಿನಲ್ಲಿ ಐದನೆಯ ತರಗತಿಯೊಂದೇ ಉಳಿಯುತ್ತಿದ್ದುದರಿಂದ ಅವರಿಗೂ ಸ್ವಲ್ಪ ಉಸಿರಾಡಲು ಬಿಡುವಾಯಿತು. ಇದಕ್ಕೆ ಯಾವ ಸುತ್ತೋಲೆಯೂ ಇರಲಿಲ್ಲ.

ಆಕ್ಷೇಪ ಬರಲು ಹತ್ತು ದಿನವೂ ಹಿಡಿಯಲಿಲ್ಲ. "ನಮ್ ಹುಡುಗನ್ನ ಮತ್ತೆ ಒಂದ್ನೇ ಕ್ಲಾಸಿಗೆ ಕೂರ್ಸಿದೀರಂತೆ" ಎಂದು ಒಬ್ಬ ತಂದೆ ಶಾಲೆಯ ಗೇಟಿನ ಹತ್ತಿರ ಜೋರು ಮಾಡಿದರು. ಮೇಷ್ಟ್ರು ಮಾಡುವ ಕೆಲಸವನ್ನು ಮಕ್ಕಳ ಕೈಲಿ ಮಾಡಿಸುತ್ತಾರೆ ಎಂಬ ಮಾತೂ ಊರಲ್ಲಿ ಎದ್ದಿತು. ಎರಡೂ ಮಾತಿನಲ್ಲಿ ಸತ್ಯಾಂಶವಿತ್ತು ಎಂಬುದೇ ನನ್ನ ಸಂಕಟ. ಎಸ್‌ಡಿಎಂಸಿ ಸಭೆ ಕರೆದು ವಾದ ಮಾಡುವ ಬದಲು ಆ ತಂದೆಯನ್ನು ಒಳಗೆ ಕರೆದು ಅರ್ಧ ಗಂಟೆ ಕೂರಿಸಿದೆ. ಅವರ ಮಗ ಎರಡನೆಯ ತರಗತಿಯ ಹುಡುಗನೊಬ್ಬನಿಗೆ ಒತ್ತಕ್ಷರದ ಕಾರ್ಡನ್ನು ತೋರಿಸುತ್ತಿದ್ದ. ಇವನಿಗೇ 'ಕ್ತ' ಓದಲು ಬಾರದೆ ನಡುವೆ ಎದ್ದು ಬಂದು ನನ್ನ ಕಿವಿಯಲ್ಲಿ ಕೇಳಿಕೊಂಡು ಹೋಗಿ, ಏನೂ ಆಗದವನಂತೆ ಗತ್ತಿನಿಂದ ಹೇಳಿಕೊಟ್ಟ. ತಂದೆ ನಕ್ಕುಬಿಟ್ಟರು. ಒಪ್ಪಿದರೆಂದು ಹೇಳಲಾರೆ, ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡೆ. ನಾಲ್ಕನೆಯ ತರಗತಿಯ ಮಗು ಏಣಿಯಲ್ಲಿ ತನ್ನದೇ ಮೆಟ್ಟಿಲನ್ನು ಆ ವಾರ ಹತ್ತಿಲ್ಲವಾದರೆ, ಮುಂದಿನ ವಾರ ಅದು ಬೇರೆಯವರಿಗೆ ಹೇಳಿಕೊಡಲು ಕೂರುವುದಿಲ್ಲ, ನನ್ನ ತಟ್ಟೆಯಲ್ಲಿ ಕೂರುತ್ತದೆ. ಈ ನಿಯಮವನ್ನು ಮೊದಲ ದಿನವೇ ಮಾಡಬೇಕಿತ್ತು. ಮೊದಲ ಹತ್ತು ದಿನ ನನಗೆ ಕೊಠಡಿ ಸುಸೂತ್ರವಾಗಿ ನಡೆಯುವುದೇ ದೊಡ್ಡದಾಗಿತ್ತು, ನಡೆಸುವ ಮಕ್ಕಳ ಕಡೆ ನೋಡಿರಲಿಲ್ಲ.

ಮಳೆ, ರಾಗಿ, ಒಮಿಕ್ರಾನ್

ಆ ವರ್ಷದ ನವೆಂಬರ್ ಮಳೆಯನ್ನು ಈ ಭಾಗದ ರೈತರು ಮರೆತಿಲ್ಲ. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ಮೊಳಕೆಯೊಡೆಯಿತು. ಎರಡು-ಮೂರು ದಿನ ಮಳೆಗೆಂದೇ ಶಾಲೆಗೆ ರಜೆ ಕೊಡಬೇಕಾಯಿತು. ಮಳೆ ಬಿಟ್ಟ ಕೂಡಲೇ ಸಿಕ್ಕಷ್ಟು ತೆನೆಯನ್ನು ಉಳಿಸಿಕೊಳ್ಳಲು ಮನೆಮಂದಿಯೆಲ್ಲ ಹೊಲಕ್ಕಿಳಿದರು, ಐದನೆಯ ತರಗತಿಯವರು ಚಿಕ್ಕವರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದರು. ಹೊಂಗೆ ಮರದ ಕೆಳಗೆ ಕೆಸರಾಗಿ ತಟ್ಟೆಗಳು ಕೊಠಡಿಯೊಳಗೆ ಬಂದವು. ಸೋರುವ ಮೂಲೆಯಲ್ಲಿ ಬಕೆಟ್ ಇಟ್ಟು ಉಳಿದ ಮೂರು ಮೂಲೆಗಳಲ್ಲಿ ಐದು ತಟ್ಟೆ ನಡೆಸಿದೆವು. ಅಂತರದ ನಿಯಮ ಅಲ್ಲಿಗೆ ಮುಗಿಯಿತು. ಬೆಳೆ ಹೋದ ಮೇಲೆ ಡಿಸೆಂಬರ್‌ನಲ್ಲಿ ಎರಡು ಕುಟುಂಬಗಳು ಮತ್ತೆ ಬೆಂಗಳೂರಿನ ದಾರಿ ಹಿಡಿದವು. ಇಂಗ್ಲಿಷ್ ಅಕ್ಷರಮಾಲೆಯ ಹುಡುಗಿ ಅವರಲ್ಲೊಬ್ಬಳು. ಅವಳು ಅಷ್ಟರಲ್ಲಿ ಕನ್ನಡದ ಮೊದಲ ಎರಡು ಗುಂಪಿನ ಅಕ್ಷರಗಳನ್ನು ಕಲಿತಿದ್ದಳು. ಹಳೆಯ ಶಾಲೆಯಿಂದ ಅವಳ ವರ್ಗಾವಣೆ ಪತ್ರ ನಮ್ಮ ಕೈ ಸೇರಿದ್ದು ಅವಳು ಹೋದ ಒಂದು ತಿಂಗಳ ಮೇಲೆ.

ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಡಿಸೆಂಬರ್ 2ರಂದು ಕರ್ನಾಟಕದಲ್ಲೇ ವರದಿಯಾದಾಗ ಊರಿನಲ್ಲಿ ಶಾಲೆ ಮತ್ತೆ ಮುಚ್ಚುತ್ತದೆಂಬ ಸುದ್ದಿ ಹಬ್ಬಿತು. ಜನವರಿಯಲ್ಲಿ ಬೆಂಗಳೂರಿನ ಶಾಲೆಗಳು ತಿಂಗಳ ಕೊನೆಯವರೆಗೆ ಮುಚ್ಚಿದವು. ಉಳಿದೆಡೆ ಸೋಂಕಿನ ಮಟ್ಟ ನೋಡಿ ತೀರ್ಮಾನಿಸುವ ಹೊಣೆ ಜಿಲ್ಲಾಡಳಿತಗಳ ಮೇಲೆ ಬಿತ್ತು, ನಮಗೂ ಕೆಲವು ದಿನ ರಜೆ ಬಂತು. ಈ ಸಲದ ರಜೆಯಲ್ಲಿ ಒಂದು ವ್ಯತ್ಯಾಸವಿತ್ತು. ಶಾಲೆ ಮುಚ್ಚುವ ಹಿಂದಿನ ಸಂಜೆ ಕಾರ್ಡುಗಳ ಒಂದೊಂದು ಕಟ್ಟನ್ನು ನಾಲ್ಕನೆಯ ತರಗತಿಯ ಒಂದೊಂದು ಮಗುವಿನ ಕೈಗೆ ಕೊಟ್ಟು, ನಿಮ್ಮ ಬೀದಿಯ ಚಿಕ್ಕವರನ್ನು ಕೂರಿಸಿಕೊಳ್ಳಿ ಎಂದು ಹೇಳಿ ಕಳಿಸಿದೆವು. ಕಾರ್ಡುಗಳು ಸರ್ಕಾರದ ಆಸ್ತಿ, ಕಳೆದರೆ ಉತ್ತರ ಹೇಳಬೇಕಾದವನು ನಾನು. ಮರಳಿ ಬಂದಾಗ ನಾಲ್ಕು ಕಾರ್ಡು ಇರಲಿಲ್ಲ, ಒಂದನ್ನು ಮೇಕೆ ತಿಂದಿತ್ತಂತೆ. ಎಲ್ಲ ಬೀದಿಗಳಲ್ಲೂ ಪಾಠ ನಡೆಯಿತೆಂದು ಹೇಳಲಾರೆ. ಹಟ್ಟಿಯಲ್ಲಿ ನಡೆದದ್ದನ್ನು ನಾನೇ ನೋಡಿದೆ. ಸೌದೆಯ ರಾಶಿಯ ಪಕ್ಕ ಕೂತಿದ್ದ ಐದಾರು ಮಕ್ಕಳ ನಡುವೆ "ಸಾರು" ಎಂದಿದ್ದ ಆ ಹುಡುಗಿ ಅಕ್ಕನ ಕೈಯಿಂದ ಕಾರ್ಡು ಕಿತ್ತುಕೊಂಡು ತನಗೆ ಮೊದಲು ಎಂದು ಜಗಳವಾಡುತ್ತಿದ್ದಳು.

ಮಾರ್ಚ್‌ನಲ್ಲಿ ಕಂಡದ್ದು

ವರ್ಷದ ಕೊನೆಯಲ್ಲಿ ಏಣಿಯ ಪ್ರಗತಿ ನೋಟವನ್ನು ಇಬ್ಬರೂ ಶಿಕ್ಷಕರು ಕೂತು ನೋಡಿದೆವು. ನಾಲ್ಕನೆಯ ತರಗತಿಯ ಎಂಟರಲ್ಲಿ ಆರು ಮಕ್ಕಳು ಸರಾಗವಾಗಿ ಓದುತ್ತಿದ್ದರು. ಹೇಳಿಕೊಟ್ಟದ್ದರಿಂದಲೇ ಹೀಗಾಯಿತೆಂದು ನಾನು ಸಾಧಿಸಲಾರೆ, ಅವರಿಗೆ ಸಿಕ್ಕ ಮೂರನೆಯ ತರಗತಿಯ ಕಾರ್ಡುಗಳೂ ಕಾರಣವಿರಬಹುದು. ಒಂದನೆಯ ತರಗತಿಯವರು ನಿರೀಕ್ಷೆಗಿಂತ ಚೆನ್ನಾಗಿದ್ದರು. ಕಳೆದುಕೊಳ್ಳಲು ಅವರ ಬಳಿ ಹೆಚ್ಚೇನೂ ಇರಲಿಲ್ಲ. ನಮ್ಮ ಕೈಗೆ ಸಿಗದೆ ಉಳಿದವರು ಮೂರನೆಯ ತರಗತಿಯವರು. ಅವರಲ್ಲಿ ಅರ್ಧದಷ್ಟು ಮಕ್ಕಳು ಗುಣಿತಾಕ್ಷರಗಳ ನಡುವೆಯೇ ನಿಂತಿದ್ದರು. ಒಂಬತ್ತು ವರ್ಷದ ಮಗುವಿಗೆ ಆರು ವರ್ಷದವರ ಜೊತೆ ಒಂದೇ ಕಾರ್ಡು ಹಿಡಿದು ಕೂರಲು ನಾಚಿಕೆಯಾಗುತ್ತದೆ. ಅದನ್ನು ನಾವು ತಡವಾಗಿ ಗಮನಿಸಿದೆವು. "ರಗಸದಅ" ಹುಡುಗಿ ಹಿಂದುಮುಂದು ಬರೆದ ಅಕ್ಷರಗಳನ್ನು ಗುರುತಿಸುತ್ತಿದ್ದಳು, ಸಣ್ಣ ಪದಗಳನ್ನು ಓದುತ್ತಿದ್ದಳು, ವಾಕ್ಯಕ್ಕೆ ಬಂದರೆ ಮೊದಲ ಪದ ಓದಿ ಉಳಿದದ್ದನ್ನು ಊಹಿಸಿ ಹೇಳುತ್ತಿದ್ದಳು. ಊಹೆ ಹೆಚ್ಚಿನ ಸಲ ಸರಿಯಿರುತ್ತಿತ್ತು. ಅದರಿಂದಾಗಿಯೇ ಅವಳಿಗೆ ಓದು ಬಂದಿಲ್ಲ ಎಂಬುದು ಫೆಬ್ರವರಿಯವರೆಗೂ ನನ್ನ ಗಮನಕ್ಕೆ ಬರಲಿಲ್ಲ.

2022ರಲ್ಲಿ ಸರ್ಕಾರ ಆ ಶೈಕ್ಷಣಿಕ ವರ್ಷವನ್ನು ಕಲಿಕಾ ಚೇತರಿಕೆ ವರ್ಷವೆಂದು ಕರೆದು, ಶಾಲೆಗಳನ್ನು ಎರಡು ವಾರ ಮೊದಲೇ, ಮೇ 16ಕ್ಕೆ ತೆರೆಸಿತು. ಮೊದಲ ಎರಡು ವಾರ ಮಳೆಬಿಲ್ಲು ಎಂಬ ಹೆಸರಿನಲ್ಲಿ ಆಟ, ಹಾಡು, ಕಥೆ. ನಾಲ್ಕನೆಯ ತರಗತಿಗೆ ಬಂದಿದ್ದ ಆ ಹುಡುಗಿಗೆ ಹಿಂದಿನ ವರ್ಷಗಳ ಕಲಿಕಾ ಫಲಗಳನ್ನೂ ಸೇರಿಸಿಕೊಂಡ ಕಲಿಕಾ ಹಾಳೆಗಳು ಸಿಕ್ಕವು, ಸಹೋದ್ಯೋಗಿಯವರು ಅವಳಿಗೆ ಪದಗಳನ್ನು ಕತ್ತರಿಸಿ ಜೋಡಿಸಿ ಊಹೆಗೆ ಅವಕಾಶವಿಲ್ಲದ, ಅರ್ಥವೇ ಇಲ್ಲದ ವಾಕ್ಯಗಳನ್ನು ಓದಿಸಿದರು. "ಎಮ್ಮೆ ಆಕಾಶ ತಿಂದಿತು" ಎಂದು ಓದಿ ಅವಳು ಮೇಲೆ ನೋಡಿ, ತಪ್ಪು ಓದಿದೆನೇ ಎಂದು ಕೇಳಿದಳಂತೆ.

ಬೆಳಗಿನ ಎರಡು ಅವಧಿಗೆ ಮೇಲಿನ ತರಗತಿಯವರನ್ನು ನಲಿ-ಕಲಿ ಕೊಠಡಿಗೆ ಕರೆಯುವುದನ್ನು ಆ ಜೂನ್‌ನಲ್ಲಿ ನಿಲ್ಲಿಸಿದೆವು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಚಪ್ಪಲಿ ಹಾಕಿಕೊಂಡೇ ಒಳಬಂದು, ಕಣ್ಣಿಗೆ ಕಂಡ ಬಣ್ಣದ ಕಾರ್ಡಿಗೆ ಕೈ ಹಾಕಿದ. ಎರಡನೆಯ ತರಗತಿಗೆ ಬಂದಿದ್ದ ಹಟ್ಟಿಯ ಹುಡುಗಿ ಕೂತಲ್ಲಿಂದ ಎದ್ದು ಅವನ ಕೈಯಿಂದ ಅದನ್ನು ಕಸಿದು, "ಅದು ನಿಂದಲ್ಲ ಕಣೋ, ಮೊದ್ಲು ಚಪ್ಲಿ ಬಿಟ್ಟು ಬಾ" ಎಂದಳು. ಅವನು ಅಳಲು ಶುರುಮಾಡಿದ.